ಪೆರ್ಲದಲ್ಲಿ ಮೂರು ಬ್ಯಾಟರಿ

ಅಂಗಡಿಯ ಹಿಂದೆ ಮೂರು ಬ್ಯಾಟರಿ, ಗೋಣಿಯ ಮೇಲೆ.
ಎರಡು ರಿಕ್ಷಾದ್ದು, ಒಂದು ಪೋಸ್ಟಿನ ಭಾಸ್ಕರನ ಸ್ಕೂಟರಿನದು,
ಪಡ್ರೆಯ ಏರಿನಲ್ಲಿ ಅರ್ಧಕ್ಕೇ ನಿಂತು
ಅವನನ್ನು ಮೂರು ಸಲ ನಡೆಸಿದ್ದು.
ಹೊಸತು ಹಾಕಿಸಿಕೊಂಡರು. ಹಳತು ಏನು ಮಾಡಲಿ ಎಂದರೆ
"ನಿನಗೇ ಇರಲಿ ಮಾರಾಯ" ಎಂದರು, ದಾನದ ಹಾಗೆ.

ಕಂಪೆನಿಗೆ ಫೋನು ಮಾಡಿದೆ.
ಮಲಯಾಳಕ್ಕೆ ಒಂದು, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು.
ನನ್ನ ಭಾಷೆಗೆ ಒತ್ತಲು ಅಂಕೆ ಇರಲಿಲ್ಲ.
ಒಂದನ್ನು ಒತ್ತಿದೆ. ಹಾಡು ಬಂತು.
ಹಾಡೇ ಬರುತ್ತಿತ್ತು.

ಉಪ್ಪಳದ ಗುಜರಿಯ ಮೊಯ್ದಿನ್‌ಕುಂಞಿ ಬಗ್ಗಿ ನೋಡಿದ,
ಮುಟ್ಟಲಿಲ್ಲ. "ಸೀಸ ಆದರೆ ಈಗಲೇ ತೂಗುವೆ.
ಇದು ಬೇಡ. ಕಳೆದ ವರ್ಷ ಒಂದು
ನನ್ನ ಗೋಡೌನಿನಲ್ಲಿ ನಡುರಾತ್ರಿ
ತಾನಾಗಿಯೇ ಎದ್ದಿತು."

"ಕೋರೆ ಉಂಟಲ್ಲ ಅಣ್ಣ," ಎಂದ ಕೆಲಸದ ಹುಡುಗ ಸನತ,
"ಕಲ್ಲು ಕಡಿದು ಬಿಟ್ಟ ಕೆಂಪು ಹೊಂಡ.
ಒಂದು ಪಿಕಪ್ಪು ಮಣ್ಣು ಹಾಕಿದರೆ ಯಾರಿಗೆ ಗೊತ್ತಾಗ್ತದೆ?"

ಟಾರ್ಚು ರಿಪೇರಿಗೆ ಬಂದು ಕೂತಿದ್ದ ತನಿಯಾರು
ಎದ್ದುಹೋಗಿ ಎಲೆಯಡಿಕೆ ಉಗಿದು ಬಂದಳು.
"ನಿನ್ನ ಸುರಂಗದ ನೀರು ಎಲ್ಲಿಂದ ಬರುವುದು, ಮಗಾ?"

ಗುಡ್ಡದ ಹೊಟ್ಟೆಯೊಳಗೆ ಕತ್ತಲಲ್ಲಿ ನಡೆದು
ನಮ್ಮ ಕೊಡಕ್ಕೆ ಹನಿಯುವ ನೀರು
ದಾರಿಯಲ್ಲಿ ಯಾರನ್ನು ಮಾತಾಡಿಸಿ ಬಂತೆಂದು ಹೇಳುವುದಿಲ್ಲ.
ಗೇರುತೋಟದ ಮೇಲೆ ಹೆಲಿಕಾಪ್ಟರ್ ಹಾರಿದಾಗ
ಕೈಬೀಸಿದವಳು ಅವಳು, ಬಸುರಿ.
ಮಗನಿಗೀಗ ಮೂವತ್ತೊಂದು. ಮಗ್ಗುಲು ಅವಳೇ ಬದಲಿಸಬೇಕು.

ಮನುಷ್ಯ ಸತ್ತರೆ ಬೆಂಕಿಯೋ ಮಣ್ಣೋ
ಯಾವುದಾದರೊಂದು ಒಪ್ಪಿಕೊಳ್ಳುತ್ತದೆ.
ಇದಕ್ಕೆ ಎರಡೂ ಇಲ್ಲ.

ಆದಿತ್ಯವಾರ ಶಟರ್ ಎಳೆದು ಕೂತೆ.
ರಬ್ಬರಿನ ಕೈಚೀಲ, ಮರದ ಮಣೆ, ಉಂಗುರ ಬಿಚ್ಚಿ ಡಬ್ಬಿಯಲ್ಲಿ.
ಮುಚ್ಚಳ ತೆಗೆದರೆ ನೀಲಿ ಅಂಗಿಯ ಮಕ್ಕಳು
ಶಾಲೆಯ ಅಂಗಳದಲ್ಲಿ ಸಾಲು ನಿಂತ ಹಾಗೆ.
ಮೀಟರು ಹಿಡಿದು ಒಬ್ಬೊಬ್ಬನ ನಾಡಿ ನೋಡಿದೆ.
ಸತ್ತವೆಂದು ಬಿಟ್ಟುಹೋದವುಗಳಲ್ಲಿ
ಅರ್ಧಕ್ಕಿಂತ ಹೆಚ್ಚು ಸತ್ತಿರಲಿಲ್ಲ.
ಏರು ಹತ್ತಲಾರವು, ಅಷ್ಟೆ.

ಅವನ್ನು ಆರಿಸಿ, ಜೋಡಿಸಿ, ಒಂದು ಪೆಟ್ಟಿಗೆ ಮಾಡಿದೆ.
ಕರೆಂಟು ಹೋದರೂ ಅವಳ ಮಗನ ಗಾಳಿಹಾಸಿಗೆಯ ಪಂಪು
ರಾತ್ರಿಯಿಡೀ ಉಸಿರಾಡುತ್ತದೆ ಈಗ.
ದುಡ್ಡು ಕೊಟ್ಟಳು. ಎಣಿಸದೆ ತೆಗೆದುಕೊಂಡೆ.
ಆಮೇಲೆ ಎಣಿಸಿದೆ. ಸರಿ ಇತ್ತು.

ಉಳಿದದ್ದು ನಲವತ್ತಾರು.
ಉಬ್ಬಿದ್ದು, ಸೋರಿದ್ದು, ಪೂರಾ ತಣ್ಣಗಾದದ್ದು.
ತುದಿಗಳಿಗೆ ಟೇಪು ಸುತ್ತಿ
ಒಣಮರಳಿನ ಡ್ರಮ್ಮಿಗೆ ಇಳಿಸಿ ತಾರೀಕು ಬರೆದೆ.
"ಮುಟ್ಟಬೇಡಿ" ಎಂದೂ ಬರೆದೆ. ಕನ್ನಡ ಮೊದಲು,
ಕೆಳಗೆ ಮಲಯಾಳ.

ಪೇಟೆಗೆ ಬಂದಾಗೆಲ್ಲ ತನಿಯಾರು ಕೇಳುತ್ತಾಳೆ,
"ಅದು ಹೋಯಿತಾ?"
"ಇಲ್ಲ. ಯಾರೂ ಬರಲಿಲ್ಲ."
"ಹಾಗಾದರೆ ಎಲ್ಲಿ ಉಂಟು?"
"ಇಲ್ಲಿಯೇ."
ಹಿಂದೆ ಬಂದು, ಮುಚ್ಚಳ ಎತ್ತಿ ನೋಡುತ್ತಾಳೆ.
ಕಾಣುವ ಹಾಗೆ ಇರಲಿ, ಎನ್ನುತ್ತಾಳೆ.
ಮಳೆಗೆ ಮೊದಲು ಈ ಶೀಟು ಬದಲಿಸು.