ಎರಡು ದಿಕ್ಕಿನ ಸುತ್ತು

ಏರಿಯ ತುದಿಗೆ ಬಂದು ನಿಂತಾಗ
ಶಹಾಪುರದ ಕೆರೆಗೆ ಇನ್ನೂ ಪೂರಾ ಎಚ್ಚರವಾಗಿರಲಿಲ್ಲ.
ನೀರಿನ ಮೇಲೆ ಹಾಲಿನ ಕೆನೆಯಷ್ಟು ಮಂಜು.
ಎಂಟು ಮಂದಿ ನಾವು, ಎರಡು ಚೀಲ, ಒಂದು ನೀರಿನ ಕ್ಯಾನು.
'ಒಂದು ಸುತ್ತಿಗೆ ಒಂದೂವರೆ ತಾಸು' ಎಂದ ನನ್ನ ಗಂಡ,
'ಹುಡುಗರಿದ್ದರ ಎರಡು.'

'ಎಡಕ್ಕ ಹೋಗಬೇಕು. ಗುಡಿ ಸುತ್ತಿದಂಗ
ಕೆರಿ ಬಲಗೈಗೆ ಇರಬೇಕು' ಎಂದಳು ನೆಗೆಣ್ಣಿ ಮಹಾನಂದಾ,
ನನ್ನ ಬಿಟ್ಟು ಪಕ್ಕದ ಜಾಲಿಗಿಡಕ್ಕೆ.
'ಬಲಕ್ಕ ನೆರಳದ' ಎಂದೆ ನಾನು, ಅದೇ ಜಾಲಿಗೆ.
ಮೂರು ದಿನದಿಂದ ನಮ್ಮಿಬ್ಬರ ನಡುವೆ
ಕುಕ್ಕರಿನ ರಬ್ಬರೊಂದು ಕಳೆದುಹೋಗಿ ಕೂತಿತ್ತು.

ಮಾವ ಸಾಯಬಣ್ಣ, ಡಿಪೋದಲ್ಲಿ ಮೂವತ್ತು ವರ್ಷ
ಬಸ್ಸಿನ ಟೈರು ತಟ್ಟಿ ತಟ್ಟಿ ನೋಡಿದವರು,
ತಮ್ಮ ಮೊಣಕಾಲನ್ನೂ ಹಾಗೇ ತಟ್ಟಿ
'ಇದು ಲೈನಿಗೆ ಬಿಡೋ ಗಾಡಿ ಅಲ್ಲ' ಎಂದು ಕಲ್ಲಿಗೆ ಕೂತರು.
'ಅರ್ಧ ಮಂದಿ ಹಂಗ ಹೋಗ್ರಿ, ಅರ್ಧ ಹಿಂಗ ಹೋಗ್ರಿ.
ಕೆರಿಗೇನೂ ಬ್ಯಾಸರಿಲ್ಲ.'

ಹಂಚಿಕೊಂಡೆವು, ಚೀಲ ಬಿಚ್ಚಿ ನೋಡದೆ.
ನನ್ನ ಹುಡುಗಿಯರಿಬ್ಬರೂ ಚಿಗವ್ವನ ಸೆರಗು ಹಿಡಿದು ಎಡಕ್ಕೆ,
ಅವಳ ಮಗ ಮೌನೇಶ ನನ್ನ ಕಿರುಬೆರಳು ಹಿಡಿದು ಬಲಕ್ಕೆ.
ಹೆಸರಲ್ಲಷ್ಟೇ ಮೌನ ಅವನಿಗೆ.
ಎಮ್ಮೆ ಗೊರಸಿನ ಗುಳಿಯೊಳಗೆ ನೀರು ಯಾಕ,
ಈ ಸಣ್ಣ ಮೀನು ಮನಿಗೆ ಹ್ಯಾಂಗ ಹೋಗತದ,
ಗುಳುಮುಳುಕ ಮುಳುಗಿದ್ದು ಎಲ್ಲೇಳತದ ದೊಡ್ಡವ್ವ,
ಇಲ್ಲಿ? ಇಲ್ಲಿ? —
ಬೆರಳಿಟ್ಟ ಕಡೆ ಒಮ್ಮೆಯೂ ಏಳಲಿಲ್ಲ ಅದು.

ಆಪಿನ ಮೆಳೆ ದಾಟಿದ್ದೇ ಗುಡ್ಡ ತಿರುಗಿತು.
ಹಣೆ, ಮೂಗು, ಗದ್ದ, ಎದೆ,
ಆಕಾಶಕ್ಕೆ ಮುಖ ಮಾಡಿ ಮಲಗಿದ ಮನುಷ್ಯ.
ಮೌನೇಶ ಬಾಯಿಗೆ ಕೈ ಇಟ್ಟ.
ಮುಂದೆ ಇಪ್ಪತ್ತು ಹೆಜ್ಜೆ ತುದಿಗಾಲಲ್ಲಿ ನಡೆದ,
ಗುಡ್ಡಕ್ಕೆ ಎಚ್ಚರಾದೀತೆಂದು.

ಆಚೆ ದಡದಲ್ಲಿ ಬದನೆಕಾಯಿ ಬಣ್ಣದ ಸೀರೆ,
ಕಡ್ಡಿಯಷ್ಟು. ಆಮೇಲೆ ಬೆರಳಷ್ಟು.
ನಾನು ಬೀಸುಗಾಲು ಹಾಕಿದೆ.
ಅವಳಿಂದ ದೂರ ಹೋಗಲೆಂದು ಇಟ್ಟ ಹೆಜ್ಜೆಯೆಲ್ಲ
ಅವಳ ಕಡೆಗೇ ಜಮೆಯಾಗುತ್ತಿತ್ತು.

ಹಸಿವೆಂದ ಹುಡುಗ. ಚೀಲ ಬಿಚ್ಚಿದೆವು.
ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಹಸಿಮೆಣಸು.
ರೊಟ್ಟಿಯಿಲ್ಲ.
ಬರೀ ಹಿಂಡಿ ನೆಕ್ಕಿದ ಮೌನೇಶ ಖಾರಕ್ಕೆ ಕುಣಿದ,
ನೀರಿನ ಕ್ಯಾನೂ ಆಚೆ ದಡದಲ್ಲಿ.
'ಇಡೀ ಕೆರೆ ಮುಂದದ, ಕುಡಿಲಾಕ ಹನಿ ಇಲ್ಲ'
ಎಂದು ನಕ್ಕ ನನ್ನ ಗಂಡ. ನನಗೆ ನಗು ಬರಲಿಲ್ಲ.

ಹಳ್ಳ ಬಂದು ಕೆರೆ ಸೇರುವಲ್ಲಿ
ದಾಟಲು ಒಂಬತ್ತು ಕಲ್ಲು. ಈ ದಂಡೆಗೆ ನಾನು,
ಆ ದಂಡೆಗೆ ಅವಳು. ನಡುವೆ ಟಿಟ್ಟಿಭ ಒಂದು
ಇಬ್ಬರನ್ನೂ ಸಮನಾಗಿ ಬೈಯುತ್ತಿತ್ತು.
ಮಗನ ಮೂಗು ಸೋರುವುದು ಕಂಡು
ಅವಳು ಕ್ಯಾನು ಹಿಡಿದು ಇಳಿದಳು.
ನಾನೂ ಇಳಿದೆ, ಕೈಯಲ್ಲಿ ಮೊಸರಿನ ಡಬ್ಬಿ.
ಐದನೇ ಕಲ್ಲು ಒಬ್ಬರಿಗಷ್ಟೇ ಅಗಲ.
ಬೀಳಬಾರದೆಂದರೆ ತೋಳು ಹಿಡಿಯಲೇಬೇಕು.
ಹಿಡಿದೆವು.
'ರೊಟ್ಟಿ ಸೆಟದಾವ' ಎಂದಳು.
'ಮೊಸರದಲ್ಲ' ಎಂದೆ.
ಜಾಲಿಗಿಡ ಬಲು ಹಿಂದೆ ಉಳಿದಿತ್ತು.

ಉಂಡ ಮೇಲೆ ಅವರವರ ದಿಕ್ಕಿಗೆ ಮತ್ತೆ.
ಮಲಗಿದವನ ಸುದ್ದಿ ಹೇಳಲು ಹೊರಟ ಮೌನೇಶನನ್ನು
ನನ್ನ ಹುಡುಗಿಯರು ನಂಬಲೇ ಇಲ್ಲ:
ಅವರು ಕಂಡದ್ದು ಬರೀ ಬಂಡೆ, ಕಳ್ಳಿ, ಎರಡು ಮೇಕೆ.
'ನಡೀರಿ, ನಾ ತೋರಸ್ತೀನಿ' ಎಂದು
ಬಂದ ದಾರಿಗೇ ತಿರುಗಿದ, ಅವ್ವನ ಕೈ ಜಗ್ಗುತ್ತ.
ನಾನು ಮಹಾನಂದಾ ನಡೆದ ದಾರಿ ಹಿಡಿದೆ.
ಕೆಸರಲ್ಲಿ ಅವಳ ಚಪ್ಪಲಿಯ ಗುರುತು,
ಎಡಗಾಲಿನದು ತುಸು ಆಳ.
ಅವಳ ಹಿಮ್ಮಡಿ ನೋಯುತ್ತದೆಂದು
ಎಷ್ಟು ಸಲ ಹೇಳಿದ್ದಳೋ.

ಮಾವ ಕೂತಲ್ಲೇ ಇದ್ದರು, ಬಿಸಿಲಿಗೆ ಟವೆಲು ಹೊದ್ದು.
'ಆ ಕಲ್ಲಿನ ಮ್ಯಾಲ ಎಷ್ಟೊತ್ತು ನಿಂತಿದ್ರವ್ವ ಇಬ್ಬರೂ?
ಇಲ್ಲಿಂದ ನೋಡಿದರ
ಒಂದೇ ಕೊಕ್ಕರಿ ನಿಂತಂಗ ಕಾಣತಿತ್ತು.'

ಕುಕ್ಕರಿನ ರಬ್ಬರು ಇನ್ನೂ ಸಿಕ್ಕಿಲ್ಲ.