ಆರೂಮುಕ್ಕಾಲಿನ ಬಸ್ಸು

ಬುಧವಾರ ಮೂರನೇ ಪೀರಿಯಡ್ಡು, ಹನ್ನೊಂದನೇ ರೂಮು.
ಫ್ಯಾನು ಸುತ್ತಿಗೊಮ್ಮೆ ಕೆಮ್ಮುತ್ತದೆ.
ದಾಕ್ಷಾಯಣಿ ಮೇಡಂ ಹಾಜರಿ ಕರೆಯುವುದಿಲ್ಲ,
ಸೀದಾ ಕೇಳುತ್ತಾರೆ: ಈ ವಾರ ಯಾರ ಕಥೆಯಲ್ಲಿ ಯಾರು ಸತ್ತರು?

ಹಾಲೇಶನದರಲ್ಲಿ ಮೂವರು.
ಜಬೀನಾಳದರಲ್ಲಿ ಯಾರೂ ಇಲ್ಲ, ಒಂದು ಕೊಡೆ ಮಾತ್ರ ಕಳೆದಿದೆ
ನೆಹರೂ ರೋಡಿನ ಚಪ್ಪಲಿ ಅಂಗಡಿಯಲ್ಲಿ.
ಇಬ್ಬರನ್ನಾದರೂ ಬದುಕಿಸಿಕೊಂಡು ಬಾರಪ್ಪ ಎಂದರು ಹಾಲೇಶನಿಗೆ.
ಕೊಡೆಯ ಕಥೆಯನ್ನು ಎರಡು ಸಲ ಓದಿಸಿದರು.

ನನ್ನದು, ಅಪ್ಪ ಬಿಟ್ಟುಹೋದ ದಿನ.
ಹೊಸಿಲು ದಾಟಿ ಅಪ್ಪ, ಒಳಗೆ ಅಮ್ಮ.
ಬರೆದಿದ್ದೆ: ಅಮ್ಮನ ಕಣ್ಣಲ್ಲಿ ತುಂಗೆ ಉಕ್ಕಿ ಹರಿದಳು.
ಕೆಂಪು ಪೆನ್ನು ಅಲ್ಲೇ ನಿಂತಿತು.
"ತುಂಗೆ ಯಾಕಮ್ಮ ಬಂದಳು ಇಲ್ಲಿಗೆ?
ಅವಳ ಪಾಡಿಗೆ ಅವಳು ಕೂಡಲಿ ಕಡೆ ಹೋಗ್ತಿದ್ದಾಳೆ, ಬಿಡು.
ನಿಮ್ಮಮ್ಮನ ಕೈಯಲ್ಲಿ ಏನಿತ್ತು ಆಗ? ಅದನ್ನ ಹೇಳು."

ಗೊತ್ತಿರಲಿಲ್ಲ.
ಒಂಬತ್ತು ವರ್ಷದವಳು ನಾನು, ಆ ಹೊತ್ತು ಟ್ಯೂಷನ್ನಿನಲ್ಲಿ
ಹದಿಮೂರರ ಮಗ್ಗಿ ಒಪ್ಪಿಸುತ್ತಿದ್ದೆ.
ಬರೆಯುವಾಗ ಮಾತ್ರ ಎಲ್ಲ ಕಂಡವಳ ಹಾಗೆ ಬರೆದಿದ್ದೆ.

ಅಮ್ಮನ ಕೆಲಸ ಖಾಸಗಿ ಬಸ್ ಸ್ಟ್ಯಾಂಡಿನ ಪಾರ್ಸೆಲ್ ಆಫೀಸಿನಲ್ಲಿ.
ದಪ್ಪ ಮಾರ್ಕರಿನಲ್ಲಿ ದಿನವಿಡೀ ಬರೆಯುತ್ತಾಳೆ,
ಯಾರಿಂದ, ಯಾರಿಗೆ, ಎಷ್ಟು ಕೆಜಿ.
ರಿಪ್ಪನ್‌ಪೇಟೆಗೆ ಮಿಕ್ಸಿ ಜಾರು, ಕೋಣಂದೂರಿಗೆ ಮಾತ್ರೆ,
ಹೊಸನಗರಕ್ಕೆ ಯಾರದೋ ಲಗ್ನಪತ್ರಿಕೆಯ ಕಟ್ಟು.
ಗಾಜಾದರೆ ಒಡೆಯುವ ವಸ್ತು ಎಂದು ನಾಲ್ಕೂ ಮಗ್ಗುಲಿಗೆ.
ಒಳಗೇನಿದೆ ಅಂತ ಬರೆಯಲ್ವಾ ಅಂದರೆ
"ಹೊರೋನಿಗೆ ಅದ್ಯಾಕೆ?"
ನೋಟ್ಸಿನ ಹಿಂದುಗಡೆ ಗೀಚಿಕೊಂಡೆ. ಮೇಡಂಗೆ ಹೇಳಲಿಲ್ಲ.

ಏಳು ಸಲ ತಿದ್ದಿದೆ.
ಅಮ್ಮನ ಕೈಗೆ ಸೌಟು ಕೊಟ್ಟೆ, ಕಿತ್ತುಕೊಂಡೆ.
ಸೂಜಿ ಕೊಟ್ಟೆ. ಅಮ್ಮನಿಗೆ ಹೊಲಿಗೆ ಬಾರದು.
ಏನೂ ಕೊಡದೆ ಬಿಟ್ಟರೆ
ಸಿನಿಮಾದವರ ಕೈ ಹಾಗೆ ಸುಮ್ಮನೆ ನಡುಗಿತು.

ಅಷ್ಟರಲ್ಲಿ ಮಾರ್ಚ್. ಅತಿಥಿ ಉಪನ್ಯಾಸಕರ ಅವಧಿ ಮುಗಿಯಿತು.
ಮೇಡಂ ಬೋರ್ಡು ಒರೆಸಿದರು, ಡಸ್ಟರನ್ನು ಕಿಟಕಿಗೆ ಬಡಿದರು,
"ಕೊನೇ ಸಾಲು ಹೊಡೆದುಹಾಕಿ, ಎಲ್ಲರೂ" ಎಂದು ಹೊರಟರು.
ಮೂರು ತಿಂಗಳ ಸಂಬಳ ಬಾಕಿಯಂತೆ, ಜಬೀನಾ ಅಂದಳು.
ಈಗ ಬಂದವರು ಸಣ್ಣಕಥೆಯ ಲಕ್ಷಣ ಬರೆಸುತ್ತಾರೆ. ಒಟ್ಟು ಎಂಟು.

ನಿನ್ನೆ ರಾತ್ರಿ ಅಮ್ಮನ ಮುಂದಿಟ್ಟೆ.
ಕನ್ನಡಕ ಏರಿಸಿ, ಲಗೇಜ್ ರಶೀದಿ ತಾಳೆ ನೋಡುವ ಹಾಗೆ
ಬೆರಳಿಟ್ಟು ಓದಿದಳು. ಪುಟ ತಿರುವಿದಳು. ನನಗೆ ಎದೆ ಡವಡವ.
"ಆರೂಕಾಲಿನ ಬಸ್ಸಲ್ಲ," ಅಂದಳು. "ಆರೂಮುಕ್ಕಾಲಿಂದು."
ಅಷ್ಟೇನಾ?
ಅಷ್ಟೇ.
ಆಮೇಲೆ, ತಟ್ಟೆ ತೊಳೆಯುತ್ತ, ಬೆನ್ನು ಹಾಕಿ:
"ಆರೂಕಾಲಿಂದು ತಪ್ಪಿಹೋಯ್ತು ಅವರಿಗೆ.
ನಮ್ಮ ಆಫೀಸಿಗೇ ಬಂದು ಕೂತ್ರು ಅರ್ಧ ಗಂಟೆ,
ತೀರ್ಥಹಳ್ಳಿ ಡಬ್ಬದ ಮೇಲೆ.
ಬಾಳೆಹಣ್ಣು ತಿಂದ್ರು.
ಸಿಪ್ಪೆ ಎಲ್ಲಿ ಹಾಕ್ಲಿ ಅಂತ ನನ್ನನ್ನೇ ಕೇಳಿದ್ರು."

ನೀನೇನು ಮಾಡಿದೆ?

"ಕೈ ಚಾಚಿದೆ."

ಹೊಸ ಹಾಳೆ. ಹೊಸಿಲಿಲ್ಲ, ಸೌಟಿಲ್ಲ.
ಆರೂಕಾಲಿನ ಬಸ್ಸು ಹೋಗಿಯಾಯಿತು.
ಡಬ್ಬಗಳ ಸಂದಿನಲ್ಲಿ ಓರೆಯಾಗಿ ನುಸುಳಿ ಅಪ್ಪ ಬರುತ್ತಿದ್ದಾರೆ,
ಹಣ್ಣನ್ನು ಇನ್ನೂ ಸುಲಿದಿಲ್ಲ.