ಏಟಿನ ಗುರುತು

ಭಾನುವಾರ ಪಣೆಗೆ ರಜೆ.
ಬಸ್ತ್ಯಾಂವ ಖಾಲಿ ಟೆಂಪೋ ತಂದು ಹಾರ್ನ್ ಹೊಡೆದ.
ಕತಗಾಲ ದಾಟಿ, ಮಣ್ಣುರಸ್ತೆ ಮುಗಿದಲ್ಲಿ ಇಳಿದು
ಗೇರುಹಕ್ಕಲಿನ ನಡುವೆ ಏರಿದೆವು.
ನೋಡುವುದೇನಿದೆ ಮಾರಾಯ, ಎಂದೆ,
ವಾರವಿಡೀ ನೋಡುವುದು ಇದೇ ಕೆಂಪುಕಲ್ಲು.

ತಿರುವು ಕಳೆದದ್ದೇ ಗುಡ್ಡದ ಮೈತುಂಬ ಬಾಗಿಲು.
ಯಾರದೋ ಹಳೇ ಪಣೆ ಅಂತಲೇ ಮೊದಲು ಅನಿಸಿತು.
ಆಮೇಲೆ ಮೆಟ್ಟಿಲು ಕಂಡಿತು,
ಬಾಗಿಲ ಮೇಲೊಂದು ಬಾಗಿಲು, ಹೊಸ್ತಿಲು,
ಹೊಸ್ತಿಲು ನಡುವೆ ಸವೆದದ್ದು.
ಕೆಳಗೆ ಅಘನಾಶಿನಿ ತನ್ನ ಪಾಡಿಗೆ ತಾನು ತಿರುಗುತ್ತಿದ್ದಳು.

ಇಲಾಖೆಯ ಹುಡುಗ ಫಲಕ ಓದಿ ಹೇಳಿದ:
ಊರಂತೆ. ಎಷ್ಟು ಹಳೆಯದೋ ಗೊತ್ತಿಲ್ಲವಂತೆ.
ಯಾರು ಕೊರೆದರು? ಅದೂ ಗೊತ್ತಿಲ್ಲವಂತೆ.
ಯಾಕೆ ಬಿಟ್ಟುಹೋದರು?
ಅದನ್ನು ದೊಡ್ಡ ಸಾಹೇಬರು ಬಂದಾಗ ಹೇಳುತ್ತಾರಂತೆ.

ಒಳಗೆ ಹೊಕ್ಕೆ. ತಣ್ಣಗೆ,
ಮಣ್ಣಿನ ಕೊಡದೊಳಗೆ ಇಣುಕಿದ ಹಾಗೆ.
ಗೋಡೆಗೆ ಅಂಗೈ ಇಟ್ಟೆ.

ಏಟಿನ ಗುರುತು. ಮೇಲಿಂದ ಕೆಳಗೆ, ಓರೆ,
ಒಂದೊಂದೂ ನಾಲ್ಕು ಬೆರಳು.
ಬೆಳಗಿನ ಏಟು ಆಳ, ಹೊತ್ತೇರಿದ ಮೇಲಿನದು ಮೇಲುಮೇಲೆ,
ಗಂಜಿ ಉಂಡು ಬಂದ ಮೇಲೆ ಮತ್ತೆ ಆಳ.
ಹೆಬ್ಬೆರಳು ಒಡೆದ ದಿನದ್ದು ಇಲ್ಲಿ, ತಪ್ಪಿ, ಪಕ್ಕಕ್ಕೆ.
ಇಬ್ಬರು ಕಡಿದ ಕೋಣೆ ಇದು.
ಬಲಗಡೆಯವನು ಎಲ್ಲರ ಹಾಗೆ.
ಎಡಗಡೆಯವನು—
ಬಸ್ತ್ಯಾಂವ, ಬಾ ಇಲ್ಲಿ, ನೋಡು,
ಇವನ ಏಟು ತಿರುಗಿ ಬಿದ್ದಿದೆ.
ಇವನು ನನ್ನ ಹಾಗೆ ಎಡಚ.

ನನ್ನನ್ನು ಯಾವಾಗಲೂ ಕೊನೆಯ ಸಾಲಿಗೆ ಹಾಕುತ್ತಾರೆ,
ಎಡಚನ ಕೊಡಲಿ ಪಕ್ಕದವನ ಮೊಣಕಾಲಿಗೆ ಕೇಡು ಎಂದು.
ಇವನನ್ನೂ ಹಾಗೇ ಮೂಲೆಗೆ ತಳ್ಳಿದ್ದರು.
ಮೂಲೆಯನ್ನು ಎಷ್ಟು ಚಂದ ತಿರುಗಿಸಿದ್ದಾನೆ!
ಕಸಬರಿಗೆ ಸಲೀಸಾಗಿ ಆಡುವ ಹಾಗೆ,
ಕೂತವನ ಬೆನ್ನಿಗೆ ಹೊಂದುವ ಹಾಗೆ.
ಕೂತೆ. ಹೊಂದಿತು.

ಈ ಕಲ್ಲಿನ ಗುಣ ಕಡಿದವನಿಗೇ ಗೊತ್ತು:
ನೆಲದೊಳಗಿದ್ದಾಗ ಬೆಲ್ಲದ ಅಚ್ಚು,
ಗಾಳಿ ತಾಗಿದ ಮೇಲೆ ಕಬ್ಬಿಣ.
ಹಾಗಾದರೆ ಇವರು ಒಳಗಿದ್ದು ಉಸಿರಾಡಿದಷ್ಟೂ
ಮನೆ ಗಟ್ಟಿಯಾಗುತ್ತ ಹೋಗಿರಬೇಕು.

ತೆಗೆದ ಕಲ್ಲೆಲ್ಲ ಎಲ್ಲಿ ಹೋಯಿತು? ಎಂದ ಬಸ್ತ್ಯಾಂವ,
ಲೋಡಿನ ಲೆಕ್ಕದ ಮನುಷ್ಯ.
ಕೋಣೆಗೆ ಆರು ಲೋಡು ಹಿಡಿ, ನೂರ ಮೂವತ್ತು ಕೋಣೆ...
ಬೆರಳು ಮಡಚುತ್ತ ಹೊರಗೆ ಹೋಗಿ ಬೀಡಿ ಹಚ್ಚಿದ.

ಮೇಲಿನ ಸಾಲಿನ ಕೊನೆಗೊಂದು ಅರೆಕೋಣೆ.
ನಿಲ್ಲಲಾಗದು, ಕುಕ್ಕರಗಾಲಲ್ಲಿ ಕೂರಬಹುದು.
ಇದು ಧ್ಯಾನಕ್ಕೆ ಇದ್ದಿರಬಹುದಂತೆ, ಎಂದ ಹುಡುಗ.
ಹಿಂಗೋಡೆ ಉಗುರಲ್ಲಿ ಕೆರೆದೆ.
ಬಿಳಿ ಬಂತು.
ಧ್ಯಾನ ಅಲ್ಲ ತಮ್ಮಾ, ಶೇಡಿ.
ಶೇಡಿ ಸಿಕ್ಕಿತೆಂದರೆ ಕಲ್ಲು ಮುಗಿಯಿತು,
ಮುಂದೆ ಕಡಿದರೆ ಮೈಮೇಲೇ ಬರುತ್ತದೆ.
ಹೋದ ವರ್ಷ ನಮ್ಮ ಪಣೆಯಲ್ಲಿ ಬಂತು.
ಹಮ್ಮುವನ್ನು ಹೊರಗೆಳೆದಾಗ ಮೀಸೆ, ರೆಪ್ಪೆ, ತಲೆಗೂದಲು ಬಿಳಿ,
ಇಪ್ಪತ್ತಾರರ ಹುಡುಗ
ಒಂದೇ ಗಳಿಗೆಯಲ್ಲಿ ಅಜ್ಜನಾದ ಹಾಗೆ.

ಇವರು ನಿಲ್ಲಿಸಿದ್ದರು.
ಯಾರೋ ಒಬ್ಬ ಕೈಯೆತ್ತಿ ಸಾಕು ಎಂದಿದ್ದ,
ಉಳಿದವರು ಕೇಳಿದ್ದರು.

ಬಗ್ಗಿ ನೋಡಿದೆ. ಕೆಳಗೆ, ಶೇಡಿಯ ಪದರದಲ್ಲಿ
ಕೊಡಲಿಯದಲ್ಲ, ಬೆರಳಿನ ಗುರುತು,
ಸಣ್ಣ ಬೆರಳು, ಮೂರು ಮೂರು ಸಾಲು.
ಬಾಗಿಲಿಗೆ ಗೆರೆ ಎಳೆಯಲು
ಮುಷ್ಟಿ ಮುಷ್ಟಿ ತೋಡಿ ಒಯ್ದಿದ್ದರು ಹೆಂಗಸರು.
ನನ್ನ ಮನೆಯವಳೂ ಹಬ್ಬದ ಮುಂಚೆ ಹೇಳುತ್ತಾಳೆ:
ಪಣೆಯಿಂದ ಬರುವಾಗ ಒಂದು ಹಿಡಿ ಶೇಡಿ ತನ್ನಿ.

ಇಳಿಯುವಾಗ ಬಸ್ತ್ಯಾಂವ ತಟ್ಟನೆ ನಿಂತ.
ಚಪ್ಪಲಿಯಲ್ಲಿ ನೆಲ ಒದ್ದ. ಪುಡಿಪುಡಿ ಕಲ್ಲು.
ಲೆಕ್ಕ ಸಿಕ್ಕಿತು, ಎಂದ,
ಎಲ್ಲೂ ಹೋಗಿಲ್ಲ ಮಾರಾಯ,
ನಾವು ಹತ್ತಿ ಬಂದ ದಾರಿಯೇ ಅದು.

ಕತಗಾಲದ ಚಾ ಅಂಗಡಿಯಲ್ಲಿ ಲೋಟ ಹಿಡಿದಾಗ ಕಂಡಿತು,
ಎಡಗೈ ಉಗುರಿನೊಳಗೆ ಬಿಳಿ.
ನೀರು ಪಕ್ಕದಲ್ಲೇ ಇತ್ತು.
ತೊಳೆಯಲಿಲ್ಲ.
ನಾಳೆ ಪಣೆ ಇದೆ,
ಹೇಗೂ ಕೆಂಪಾಗುತ್ತದೆ.